ಹಳೇ ಸೀರೆಗೆ ಮಾನ, ನೇಯ್ದವನಿಗೆ?

ಹಳೇ ಸೀರೆಗೂ ಒಂದು ಕಾಲ ಬಂದಿದೆ. ಅಜ್ಜಿಯ ಟ್ರಂಕಿನ ತಳದಲ್ಲಿ ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತ ಬಿದ್ದಿದ್ದ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಸೂತಿ ಹಾಕಿದ ಚಂದ್ರಕಾಳಿ ಈಗ ದೊಡ್ಡ ಊರುಗಳಲ್ಲಿ ಸಂಗ್ರಾಹಕರ ಕಪಾಟು ಸೇರುತ್ತಿವೆ. ಅಲ್ಲಿಂದ ಪ್ರದರ್ಶನಕ್ಕೂ ಹೋಗುತ್ತವೆ. ಒಳ್ಳೇದೇ ಆಯ್ತು. ಆದರೆ ಯಾವ ಸೀರೆ ಗಾಜಿನ ಹಿಂದೆ ಕೂರಬೇಕು, ಯಾವುದು ಗಂಟು ಕಟ್ಟಿಕೊಂಡು ವಾಪಸ್ ಬರಬೇಕು ಅನ್ನೋದನ್ನ ತೀರ್ಮಾನಿಸುವವರು ಯಾರು? ಆಯ್ಕೆ ಸಮಿತಿ ಎಂಬ ನಾಲ್ಕೈದು ಜನ. ಆ ಕೋಣೆಯೊಳಗೆ ನಡೆಯುವುದು ಬಾಗಲಕೋಟೆ ಜಿಲ್ಲೆಯ ಮಗ್ಗದ ಮನೆಗಳಿಗೆ ತಿಳಿಯುವುದು ಕಮ್ಮಿ.

ನಡೆಯುವ ರೀತಿ ಸುಮಾರಾಗಿ ಹೀಗೆ. ಮೊದಲು ಫೋಟೋ ತರಿಸಿಕೊಳ್ಳುತ್ತಾರೆ, ಜೊತೆಗೆ ಅಳತೆ, ನೂಲು, ಊರು, ಯಾರ ಮನೆಯಿಂದ ಬಂತು ಎಂಬ ವಿವರ. ಅದರಲ್ಲಿ ಜರಡಿ ಹಿಡಿದು ಉಳಿದದ್ದನ್ನು ಮೇಜಿನ ಮೇಲೆ ಹಾಸಿ ನೋಡುತ್ತಾರೆ. ಬಲ್ಲವರು ಮೊದಲು ಮಗುಚುವುದು ಹಿಂಬದಿ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆ ಎರಡೂ ಮಗ್ಗುಲಲ್ಲಿ ಒಂದೇ ಥರ ಕಾಣಬೇಕು, ಗಂಟು ಸಿಕ್ಕಬಾರದು. ಇಳಕಲ್ ಸೀರೆಯಾದರೆ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆಳೆ ಕುಣಿಕೆ ಹಾಕಿ ಸೇರಿಸಿದ ತೋಪ ತೆನಿ ಇದೆಯೋ ಇಲ್ಲವೋ ನೋಡುತ್ತಾರೆ. ಅದು ಕೈಮಗ್ಗದವನ ಸಹಿ ಇದ್ದ ಹಾಗೆ. ಆಮೇಲೆ ಬರುವುದು ಜಾಗದ ಲೆಕ್ಕ. ಬಣ್ಣ ಹಾರೀತೆಂದು ಬೆಳಕನ್ನು 50 ಲಕ್ಸ್‌ಗೆ ಇಳಿಸಬೇಕು. ಜರಿ ತೂಕದ ಹಳೇ ಸೀರೆ ನೇತು ಹಾಕಿದರೆ ತನ್ನ ಭಾರಕ್ಕೇ ಹರಿಯುತ್ತದೆ. ಚಂದ ಇದ್ದರೂ ಇಂಥದ್ದನ್ನು ಬಿಡಬೇಕಾಗುತ್ತದೆ. ಇಷ್ಟರ ಮಟ್ಟಿಗೆ ಸಮಿತಿಯವರನ್ನು ದೂರುವಂತಿಲ್ಲ.

ಪೇಚು ಇರುವುದು ಮುಂದೆ. ಕಲೆ ಇಲ್ಲದ್ದು, ತೇಪೆ ಇಲ್ಲದ್ದು, ಹರಿಯದ್ದು ಮೊದಲು ಪಾಸಾಗುತ್ತದೆ. ಹರಿಯದ ಸೀರೆ ಯಾರದ್ದು? ವರ್ಷಕ್ಕೊಮ್ಮೆ ಉಟ್ಟು ಮಡಿಚಿಟ್ಟ ಸಾಹುಕಾರರ ಮನೆಯದ್ದು. ಹೊಲದಲ್ಲಿ ಕಳೆ ಕೀಳುವಾಗ ಉಟ್ಟ ಸೀರೆ ಸವೆದು ಕೌದಿಯಾಯಿತು, ಕೌದಿ ಸವೆದು ಒರೆಸುವ ಅರಿವೆಯಾಯಿತು. ಜರಿ ಇದ್ದದ್ದು ಬೆಳ್ಳಿಯ ಆಸೆಗೆ ಬೆಂಕಿಗೆ ಹೋಯಿತು, ಇಲ್ಲವೇ ಬಾಂಡೆ ಸಾಮಾನಿನವಳ ಬುಟ್ಟಿಗೆ ಹೋಗಿ ಅದರ ಬದಲಿಗೆ ಸ್ಟೀಲ್ ಡಬ್ಬಿ ಬಂತು. ಹೀಗಾಗಿ ಪ್ರದರ್ಶನ ನೋಡಿದವರಿಗೆ ಈ ಸೀಮೆಯ ಹೆಂಗಸರೆಲ್ಲ ದಿನಾ ಮದುವೆಗೇ ಹೊರಟಿದ್ದರೇನೋ ಅನ್ನಿಸಬೇಕು! ತೇಪೆ ಹಾಕಿದ ಒಂದು ಸೀರೆಯಾದರೂ ಇಡದಿದ್ದರೆ ಆ ಚರಿತ್ರೆ ಅರ್ಧ ಸುಳ್ಳು.

ಇನ್ನೊಂದು ಸಂಗತಿ ದುಡ್ಡಿನದು. ಪ್ರದರ್ಶನದಲ್ಲಿ ಇಟ್ಟು ಪುಸ್ತಕದಲ್ಲಿ ಅಚ್ಚಾದ ಸೀರೆಯ ಬೆಲೆ ಏರುತ್ತದೆ. ಸಮಿತಿಯಲ್ಲಿ ಕೂತವರೇ ಸಂಗ್ರಾಹಕರಾದರೆ ತಮ್ಮ ಸೀರೆಗೆ ತಾವೇ ಕೈ ಎತ್ತಿದ ಹಾಗಾಗುತ್ತದೆ. ತಮ್ಮ ವಸ್ತು ಮೇಜಿಗೆ ಬಂದಾಗ ಎದ್ದು ಹೊರಗೆ ಹೋಗಬೇಕು, ಮೊದಲ ಸುತ್ತಿನಲ್ಲಿ ಮಾಲೀಕರ ಹೆಸರು ಮುಚ್ಚಿಡಬೇಕು. ಇಷ್ಟು ಮಾಡಿದರೆ ಮಾತಿಗೆ ಆಸ್ಪದವಿಲ್ಲ. ಮಾಡದಿದ್ದರೆ ಜನ ಆಡಿಕೊಳ್ಳೋದು ಸಹಜ.

ಎಲ್ಲಕ್ಕಿಂತ ನೋವಿನ ಮಾತು ಆ ಚೀಟಿಯದು. ಸೀರೆಯ ಪಕ್ಕದ ಚೀಟಿಯಲ್ಲಿ ‘ಇಂಥವರ ಸಂಗ್ರಹ’ ಅಂತ ಇರುತ್ತದೆ. ನೇಯ್ದವರ ಜಾಗ ಖಾಲಿ. ಹಾಸು ಹೂಡಿದವರು, ಬಣ್ಣ ಕಟ್ಟಿದವರು, ಕುಣಿಕೆ ಹಾಕಿದ ಮನೆ ಹೆಂಗಸರು, ಯಾರೂ ಇಲ್ಲ. ಕೊಂಡವನಿಗೆ ಹೆಸರು, ದುಡಿದವನಿಗೆ ಊರಿನ ಹೆಸರೊಂದೇ.

ಬೇರೆ ದಾರಿಯೂ ಇದೆ, ಅದು ಹೊಸತೇನಲ್ಲ. 1980ರ ದಶಕದ ಭಾರತ ಉತ್ಸವಗಳಿಗಾಗಿ ಪುಪುಲ್ ಜಯಕರ್ ಅವರ ಬೆಂಬಲದಲ್ಲಿ ಮಾರ್ತಾಂಡ ಸಿಂಗ್ ಕಟ್ಟಿದ ‘ವಿಶ್ವಕರ್ಮ’ ಪ್ರದರ್ಶನ ಮಾಲೆಯಲ್ಲಿ ಹಳೇದನ್ನು ಆರಿಸಿಡುವುದಕ್ಕಷ್ಟೇ ನಿಲ್ಲಲಿಲ್ಲ. ಹಳೇ ಮಾದರಿಗಳನ್ನು ನೇಕಾರರ ಮುಂದಿಟ್ಟು, ಅವರ ಕೈಯಿಂದಲೇ ಹೊಸದಾಗಿ ನೇಯಿಸಿದರು. ಆಯ್ಕೆಯ ಮೇಜು ಮಗ್ಗದ ಗುಂಡಿಯ ತನಕ ಬಂತು. ಆ ಬಟ್ಟೆಗಳನ್ನು ಮತ್ತೆ 2015-16ರಲ್ಲಿ ದಿಲ್ಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಜನ ನೋಡಿದರು. ನೋಡುವವನಿಗೂ ಲಾಭ, ನೇಯುವವನಿಗೂ ಕೆಲಸ ಎಂದರೆ ಇದು.

ಹಾಗಾದರೆ ಬೇಕಾದದ್ದೇನು? ಸಮಿತಿಯಲ್ಲಿ ಒಬ್ಬ ನೇಕಾರ ಇರಲಿ. ಶೋಭೆಗಲ್ಲ, ಮತ ಹಾಕಲಿಕ್ಕೆ. ಬೇಡವೆಂದ ಸೀರೆಗೆ ಯಾಕೆ ಬೇಡ ಎಂದು ಎರಡು ಸಾಲು ಬರೆದುಕೊಡಲಿ. ಚೀಟಿಯಲ್ಲಿ ನೇಯ್ದವರು, ಉಟ್ಟವರು, ಇಟ್ಟವರು ಎಂದು ಮೂರು ಸಾಲಿರಲಿ. ಬೆಂಗಳೂರು, ದಿಲ್ಲಿ ತಿರುಗಿದ ಸೀರೆ ಒಂದು ವಾರವಾದರೂ ಹುಟ್ಟಿದೂರಿಗೆ ಬಂದು ಹೋಗಲಿ.

ಸಮಿತಿಯವರು ಕೇಳುತ್ತಾರೋ ಬಿಡುತ್ತಾರೋ, ಮನೆಯವರು ಮಾಡಬಹುದಾದ ಕೆಲಸವೊಂದಿದೆ. ಹಳೇ ಸೀರೆ ಕೊಡುವ ಮುಂಚೆ ಮನೆಯ ಹಿರಿಯರನ್ನು ಕೂರಿಸಿ ಕೇಳಿ: ಯಾರ ಮಗ್ಗದ್ದು, ಯಾವ ವರ್ಷದ್ದು, ಯಾರು ಉಟ್ಟದ್ದು? ಒಂದು ಚೀಟಿಯಲ್ಲಿ ಬರೆದು ಮಡಿಕೆಯೊಳಗೆ ಇಡಿ. ಹೇಳುವವರು ಹೋದ ಮೇಲೆ ಯಾವ ಸಮಿತಿಗೂ ಆ ಹೆಸರು ಸಿಗೋದಿಲ್ಲ.