ಒಂದು ರೂಪಾಯಿ ಬಿಡ್, ನೂರ ಎಂಬತ್ತು ಶಿಪ್ಪಿಂಗ್

(1/6)
"ಸ್ಟಾರ್ಟಿಂಗ್ ಬಿಡ್ 1 ರೂಪಾಯಿ ಮಾತ್ರ! 🔥"

ಈ ಸಾಲು ಕಂಡ ತಕ್ಷಣ ನಾನು ಕಮೆಂಟ್ ಬಾಕ್ಸ್‌ಗೆ ಹೋಗಲ್ಲ, ಕ್ಯಾಪ್ಷನ್ ಕೊನೆಗೆ ಹೋಗ್ತೀನಿ. ಅಲ್ಲಿ ಹ್ಯಾಷ್‌ಟ್ಯಾಗ್‌ಗಳ ಸಂದಿಯಲ್ಲಿ ಒಂದು ಪುಟ್ಟ ವಾಕ್ಯ ಅಡಗಿ ಕೂತಿರುತ್ತೆ: "ಶಿಪ್ಪಿಂಗ್ ಎಕ್ಸ್‌ಟ್ರಾ". ಎಷ್ಟು ಎಕ್ಸ್‌ಟ್ರಾ? ಅದನ್ನ ಹೇಳಲ್ಲ. ಗೆದ್ದವರಿಗೆ ಮಾತ್ರ, ಗೆದ್ದ ಮೇಲೆ ಮಾತ್ರ, ಡಿಎಂನಲ್ಲಿ ಗೊತ್ತಾಗುತ್ತೆ.

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಕಡೆ ಈಗ ಇಂಥ ಹರಾಜು ಪೇಜ್‌ಗಳು ಸುಮಾರಿವೆ. ಹಳೇ ನಾಣ್ಯ, ಪಿಡಿಒ ಪರೀಕ್ಷೆ ಪುಸ್ತಕ, ಒಂದೇ ಸಲ ಉಟ್ಟ ಸೀರೆ, ಕ್ರಿಕೆಟ್ ಬ್ಯಾಟ್, ಕುಂಡದ ಗಿಡ, ಏನು ಬೇಕಾದ್ರೂ ಹರಾಜಿಗೆ ಬರುತ್ತೆ. ಕಮೆಂಟಲ್ಲೇ ಸವಾಲು ಕೂಗೋದು, ರಾತ್ರಿ 9ಕ್ಕೆ ಕ್ಲೋಸ್, ಕೊನೇ ಕಮೆಂಟ್ ಯಾರದ್ದೋ ಅವರಿಗೆ ಮಾಲು. ನನಗೆ ಈ ಆಟ ಇಷ್ಟಾನೇ. ನಮ್ಮ ಹುಡುಗ ಹುಡುಗಿಯರು ಮನೇಲಿ ಕೂತು ನಾಲ್ಕು ಕಾಸು ದುಡಿಯೋದು ಇನ್ನೂ ಇಷ್ಟ. ಅದಕ್ಕೇ ಇದನ್ನ ಬರೀತಿರೋದು. ಈ ಶಿಪ್ಪಿಂಗ್ ಗುಟ್ಟು ಹೀಗೇ ಮುಂದುವರಿದ್ರೆ ಒಳ್ಳೇ ಪೇಜ್‌ಗಳನ್ನೂ ಜನ ನಂಬಲ್ಲ.

(2/6)
ಅಜ್ಜಂಪುರ ಕಡೆಯ ನನ್ನ ಜೂನಿಯರ್ ಒಬ್ಬಳು ಕಾಂಪಿಟಿಟಿವ್ ಪರೀಕ್ಷೆಯ ನಾಲ್ಕು ಪುಸ್ತಕಗಳ ಸೆಟ್‌ಗೆ ಕೂಗಿದ್ಲು. 1 ರೂಪಾಯಿಂದ ಶುರುವಾಗಿದ್ದು 140ಕ್ಕೆ ಅವಳ ಹೆಸರಿಗೆ ನಿಂತ್ತು. ಖುಷಿಯಿಂದ ಸ್ಕ್ರೀನ್‌ಶಾಟ್ ಎಲ್ಲರಿಗೂ ಕಳಿಸಿದ್ಲು. ಹತ್ತು ನಿಮಿಷಕ್ಕೆ ಡಿಎಂ ಬಂತು: "ಟೋಟಲ್ 320 ಸಿಸ್. ಶಿಪ್ಪಿಂಗ್ ಅಂಡ್ ಹ್ಯಾಂಡ್ಲಿಂಗ್ 180. ಅರ್ಧ ಗಂಟೆಲಿ ಯುಪಿಐ ಮಾಡಿ."

ಪಾರ್ಸೆಲ್ ಬರಬೇಕಿದ್ದದ್ದು ಎಲ್ಲಿಂದ? ತರೀಕೆರೆಯಿಂದ! ದೆಹಲಿಯಿಂದ ಅಲ್ಲ. "ಅಣ್ಣಾ, ಶನಿವಾರ ನಾನೇ ಬಸ್‌ಸ್ಟ್ಯಾಂಡಿಗೆ ಬಂದು ತಗೋತೀನಿ" ಅಂದ್ಲು. "ನೋ ಪಿಕಪ್" ಅಂತ ಉತ್ತರ. ಹಾಗಾದ್ರೆ ಬೇಡ ಅಂದ್ಲು. ಮಾರನೇ ದಿನ ಬೆಳಗ್ಗೆ ಆ ಪೇಜಿನ ಸ್ಟೋರಿಯಲ್ಲಿ ಅವಳ ಅಕೌಂಟ್ ಹೆಸರಿಗೆ ಕೆಂಪು ವೃತ್ತ ಬಿದ್ದಿತ್ತು, ಮೇಲೆ "ಫೇಕ್ ಬಿಡ್ಡರ್, ಹುಷಾರ್". ಡಿಪಿಯಲ್ಲಿ ಅವಳ ಮುಖದ ಫೋಟೋ ಬೇರೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಕ್ಲಾಸಲ್ಲಿ ಹುಡುಗರು ಅವಳನ್ನ ಅದೇ ಹೆಸರಿಂದ ಕರೆಯೋಕೆ ಶುರು ಮಾಡಿದ್ರು.

ಪೇಜಿನ ಹೆಸರು ಹೇಳಲ್ಲ, ಕಮೆಂಟಲ್ಲಿ ಕೇಳಬೇಡಿ. ಆದ್ರೆ ಒಂದು ಮಾತು. ಬೆಲೆ ಮುಚ್ಚಿಟ್ಟು ಕೂಗಿಸಿದವರು ಫೇಕೋ, ಪೂರ್ತಿ ಬೆಲೆ ಕೇಳಿ ಹಿಂದೆ ಸರಿದವಳು ಫೇಕೋ?

(3/6)
ಇದಕ್ಕೆ ಕೆಲವರು ಕೊಡೋ ಉತ್ತರ ಗೊತ್ತು: "ಹರಾಜು ಅಂದ್ರೆ ಹರಾಜು ಮಗಾ, ಸಾಗಣೆ ಖರ್ಚು ಯಾವಾಗಲೂ ತಗೊಂಡವರದ್ದೇ."

ಸರಿ, ಹರಾಜಿನ ಬಗ್ಗೆ ನಮ್ಮೂರಿಗೆ ಯಾರೂ ಪಾಠ ಹೇಳಬೇಕಿಲ್ಲ. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಅಲ್ಲಿ ಹೋರಿಕರುಗಳ ಹರಾಜಿಗೆ ಬೇರೆ ಬೇರೆ ಜಿಲ್ಲೆಗಳಿಂದ ರೈತರು ಬರ್ತಾರೆ. ಕರು ಕಣ್ಣೆದುರಿಗೇ ಇರುತ್ತೆ. ಕೂಗೋ ಮೊದಲೇ ರೈತನಿಗೆ ತನ್ನ ಊರಿಗೆ ಗಾಡಿ ಬಾಡಿಗೆ ಎಷ್ಟು ಅಂತ ಗೊತ್ತು. ಗೊತ್ತಿಲ್ದಿದ್ರೆ ಹೊರಗೆ ನಿಂತ ನಾಲ್ಕು ಗಾಡಿಯವರನ್ನ ಕೇಳಿ ಚೌಕಾಸಿ ಮಾಡ್ತಾನೆ, ಇಲ್ಲಾ ಪಕ್ಕದೂರಿನವರ ಜೊತೆ ಸೇರಿ ಒಂದೇ ಗಾಡಿಗೆ ಹಾಕ್ತಾನೆ. ಸಾಗಣೆ ಖರ್ಚು ಅವನದ್ದೇ, ನಿಜ. ಆದ್ರೆ ಆ ಖರ್ಚಿನ ಮೇಲೆ ಹಿಡಿತವೂ ಅವನದ್ದೇ.

ಫೋನಿನ ಹರಾಜಲ್ಲಿ ವ್ಯತ್ಯಾಸ ಆಗೋದು ಇಲ್ಲಿ. ಪುಸ್ತಕಕ್ಕೆ ಇಪ್ಪತ್ತು ಜನ ಪೈಪೋಟಿ ಮೇಲೆ ಕೂಗ್ತಾರೆ, ಆದ್ರೆ ಸಾಗಣೆಗೆ ಇರೋದು ಒಬ್ಬನೇ ವ್ಯಾಪಾರಿ, ಅದೇ ಸೆಲ್ಲರ್. ಅವನು ಹೇಳಿದ್ದೇ ರೇಟು. ಅದನ್ನ ಹೇಳೋದೂ ಬೇರೆ ದಾರಿ ಎಲ್ಲ ಮುಚ್ಚಿದ ಮೇಲೆ. ಅಂದ್ರೆ ಅರ್ಧ ಬೆಲೆ ಮಾತ್ರ ಹರಾಜಾಗಿದೆ, ಇನ್ನರ್ಧ ಅವನ ಇಷ್ಟ.

ಈರುಳ್ಳಿ ಬೆಳೆಯೋ ಮನೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಯಶವಂತಪುರಕ್ಕೆ ಲೋಡ್ ಹೋದ್ರೆ ಪಟ್ಟಿ ಬರುತ್ತಲ್ಲ, ನಮ್ಮಜ್ಜ ಅದರಲ್ಲಿ ಕ್ವಿಂಟಲ್ ರೇಟನ್ನ ನೋಡೋದೇ ಇಲ್ಲ. ಸೀದಾ ಕೆಳಗೆ ಹೋಗಿ ಲಾರಿ ಬಾಡಿಗೆ, ಹಮಾಲಿ ಕಳೆದು ಉಳಿದ ಸಾಲು ಓದ್ತಾರೆ. ರೇಟು ಊರಲ್ಲಿ ಹೇಳ್ಕೊಳ್ಳೋಕೆ, ಕೆಳಗಿನ ಸಾಲು ಮನೆಗೆ.

(4/6)
ಈಗ ಆ 1 ರೂಪಾಯಿ ಲೆಕ್ಕ ನೋಡೋಣ. ನಿಜವಾದ ಪಾರ್ಸೆಲ್ ಖರ್ಚು 90 ಅಂತಿಟ್ಕೊಳ್ಳಿ, ಸೆಲ್ಲರ್ 180 ತಗೋತಾನೆ. ಯಾರೂ ಕೂಗದೆ ಮಾಲು 1 ರೂಪಾಯಿಗೇ ಹೋದ್ರೂ ಅವನ ಕೈಗೆ 91 ಬರುತ್ತೆ. ಹಾಗಾಗಿ ಆ ಹರಾಜು 1 ರೂಪಾಯಿಂದ ಶುರುವಾಗಿಲ್ಲ, 91ರಿಂದ ಶುರುವಾಗಿದೆ. 91 ಅಂತ ಬರೆದ್ರೆ ಯಾರೂ ನಿಲ್ಲಲ್ಲ, 1 ಅಂತ ಬರೆದ್ರೆ ಎಲ್ಲರೂ ನಿಲ್ತಾರೆ. ಅಷ್ಟೇ ಮ್ಯಾಜಿಕ್.

ಇದು ನಮ್ಮೂರಿನ ಹೊಸ ಬುದ್ಧಿವಂತಿಕೆ ಏನಲ್ಲ. ಇಬೇ ಅಂತ ಅಮೆರಿಕದ ದೊಡ್ಡ ಹರಾಜು ಸೈಟ್ ಇದೆ. ನಮ್ಮ ದೇಶಕ್ಕೆ ಅದು ಬಂದಿದ್ದು 2004ರಲ್ಲಿ, ಬಾಜೀ ಡಾಟ್ ಕಾಮ್ ಅನ್ನ ಕೊಂಡುಕೊಂಡು. ಇಲ್ಲಿನ ಅಂಗಡಿ 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಅಲ್ಲಿ ಸೈಟಿನವರು ಕಮಿಷನ್ ಹಿಡೀತಿದ್ದದ್ದು ಮಾಲಿನ ಬೆಲೆ ಮೇಲೆ ಮಾತ್ರ, ಶಿಪ್ಪಿಂಗ್ ಮೇಲೆ ಅಲ್ಲ. ಸೆಲ್ಲರ್‌ಗಳು ಬಿಡ್ತಾರಾ? ಮಾಲಿನ ಬೆಲೆ ಇಳಿಸಿ ಶಿಪ್ಪಿಂಗ್ ಏರಿಸಿದ್ರು. ಕೊನೆಗೆ 2011ರ ಜುಲೈನಿಂದ ಅಮೆರಿಕದ ಇಬೇ ಶಿಪ್ಪಿಂಗ್ ಸೇರಿಸಿ ಒಟ್ಟು ಮೊತ್ತದ ಮೇಲೇ ಕಮಿಷನ್ ಹಿಡಿಯೋಕೆ ಶುರು ಮಾಡ್ತು.

ಅದಕ್ಕೂ ಮುಂಚೆ ತಂಜಿಮ್ ಹೊಸೈನ್ ಮತ್ತು ಜಾನ್ ಮಾರ್ಗನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಇಬೇಯಲ್ಲಿ ತಾವೇ ಹಾಡಿನ ಸಿಡಿ, ಎಕ್ಸ್‌ಬಾಕ್ಸ್ ಗೇಮ್ ಮಾರಿ ನೋಡಿದ್ರು. 2006ರಲ್ಲಿ ಅದನ್ನ ಪ್ರಕಟಿಸಿದ್ರು. ಒಂದೇ ಸಿಡಿಗೆ ಒಂದು ಸಲ 4 ಡಾಲರ್‌ನಿಂದ ಹರಾಜು, ಶಿಪ್ಪಿಂಗ್ ಸೊನ್ನೆ. ಇನ್ನೊಂದು ಸಲ 1 ಸೆಂಟ್‌ನಿಂದ ಹರಾಜು, ಶಿಪ್ಪಿಂಗ್ 3.99 ಡಾಲರ್. ಕೂಡಿಸಿದ್ರೆ ಎರಡೂ ಒಂದೇ. ಆದ್ರೂ ಎರಡನೇ ರೀತಿಯಲ್ಲಿ ಹೆಚ್ಚು ಜನ ಬಂದ್ರು, ಒಟ್ಟು ಹಣವೂ ಹೆಚ್ಚು ಬಂತು. ಸಿಡಿಗಳಿಗೆ ಒಟ್ಟು ಮೊತ್ತವನ್ನ 8 ಡಾಲರ್‌ಗೆ ಏರಿಸಿದಾಗ ಮಾತ್ರ ಈ ಲಾಭ ಕಾಣಲಿಲ್ಲ. ಗಮನಿಸಿ, ಅಲ್ಲಿ ಶಿಪ್ಪಿಂಗ್ ಎಷ್ಟು ಅಂತ ಮೊದಲೇ ಬರೆದಿತ್ತು! ಕಣ್ಣೆದುರಿಗಿದ್ರೂ ಜನ ಕಳೆದು ಲೆಕ್ಕ ಹಾಕಲಿಲ್ಲ. ನಮ್ಮಲ್ಲಿ ಅದು ಕಣ್ಣಿಗೇ ಬೀಳಲ್ಲ.

(5/6)
ಈಗ ಸೆಲ್ಲರ್ ಕಡೆ. ಇದನ್ನ ಬಿಟ್ಟು ಬರೆದ್ರೆ ನನ್ನ ಫ್ರೆಂಡ್ಸ್ ಅರ್ಧ ಜನ ನಾಳೆ ಮಾತಾಡಿಸಲ್ಲ 😅

ಹ್ಯಾಂಡ್ಲಿಂಗ್ ಅನ್ನೋದು ಸುಳ್ಳು ಖರ್ಚಲ್ಲ. ನನ್ನ ಕ್ಲಾಸ್‌ಮೇಟ್ ಒಬ್ಬಳು ಕಡೂರಿಂದ ಗಿಡ ಮಾರ್ತಾಳೆ. ಮೆಡಿಕಲ್ ಶಾಪಲ್ಲಿ ಖಾಲಿ ಬಾಕ್ಸ್ ಕೇಳಿ ತರೋದು, ಬೇರಿಗೆ ಒದ್ದೆ ಬಟ್ಟೆ ಸುತ್ತೋದು, ಪೇಪರ್ ತುಂಬೋದು, ಟೇಪು, ಪೋಸ್ಟ್ ಆಫೀಸಿಗೆ ಆಟೋ, ಅಲ್ಲಿ ಕ್ಯೂ. ಒಂದು ಗಿಡಕ್ಕೆ ಒಂದು ಗಂಟೆ ಹೋಗುತ್ತೆ. ತಗೊಂಡವರು ಮನೇಲಿರದೆ ಪಾರ್ಸೆಲ್ ವಾಪಸ್ ಬಂದ್ರೆ ಗಿಡವೂ ಹೋಯ್ತು, ದುಡ್ಡೂ ಹೋಯ್ತು. ಅವಳು ಕಟ್ಟೋ ಕೂಲಿ ಅಂತ 30 ರೂಪಾಯಿ ತಗೊಂಡ್ರೆ ಯಾರಾದ್ರೂ ಕೇಳೋಕಾಗುತ್ತಾ? ಅವಳು ಅದನ್ನ ಫೋಟೋದ ಮೇಲೇ ಬರೀತಾಳೆ: "ಪೋಸ್ಟ್ ರಸೀದಿ ಇದ್ದಷ್ಟು + ಪ್ಯಾಕಿಂಗ್ 30". ಅವಳ ಗಿಡಗಳು ಏನೂ ಉಳಿದಿಲ್ಲ.

"ಹಾಗಾದ್ರೆ ಫ್ರೀ ಶಿಪ್ಪಿಂಗ್ ಮಾಡಿಬಿಡಿ" ಅನ್ನೋರಿಗೂ ನಾನು ಒಪ್ಪಲ್ಲ. ಫ್ರೀ ಅಂದ್ರೆ ಯಾರೋ ಕೊಟ್ಟಿರ್ತಾರೆ. ಕಡೂರಿನ ಗಿಡಕ್ಕೆ ಗುವಾಹಟಿ ತನಕದ ಖರ್ಚು ಸೇರಿಸಿ ಬೆಲೆ ಇಟ್ರೆ, ಹತ್ತು ಕಿಲೋಮೀಟರೂ ಇಲ್ಲದ ಬೀರೂರಿನವರು ಗುವಾಹಟಿಯವರ ಪಾರ್ಸೆಲ್‌ಗೆ ದುಡ್ಡು ಕೊಟ್ಟಂಗಾಯ್ತು. ಬೇರೆ ಬೇರೆ ದೂರಕ್ಕೆ ಬೇರೆ ಬೇರೆ ರೇಟು ಇರ್ಲಿ, ಅದೇ ನ್ಯಾಯ. ಮೊದಲೇ ಹೇಳಿ, ಅಷ್ಟೇ.

ಹೇಳೋದು ಕಷ್ಟಾನಾ? 2025ರ ಅಕ್ಟೋಬರ್ 1ರಿಂದ ಬಂದ ಸ್ಪೀಡ್ ಪೋಸ್ಟ್ ದರದಲ್ಲಿ 251ರಿಂದ 500 ಗ್ರಾಂ ಡಾಕ್ಯುಮೆಂಟ್‌ಗೆ 200 ಕಿಲೋಮೀಟರ್ ಒಳಗೆ 70 ರೂಪಾಯಿ, 2,000 ಕಿಲೋಮೀಟರ್ ದಾಟಿದ್ರೆ 93, ಮೇಲೆ ಜಿಎಸ್‌ಟಿ. ಅಂದ್ರೆ ಅರ್ಧ ಕೆಜಿ ಒಳಗಿನ ಡಾಕ್ಯುಮೆಂಟ್‌ಗೆ ದೇಶದ ಯಾವ ಮೂಲೆಗೇ ಆದ್ರೂ ವ್ಯತ್ಯಾಸ ಇಪ್ಪತ್ತು ಮೂವತ್ತು ರೂಪಾಯಿ. ಒಂದು ಸಾಲಲ್ಲಿ ಬರೆಯಬಹುದು. ಪಠ್ಯ ಪುಸ್ತಕದಂಥವಕ್ಕೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಇದೆ: 300 ಗ್ರಾಂಗೆ 20 ರೂಪಾಯಿ, 5 ಕೆಜಿಗೆ 100, ತೆರಿಗೆ ಬೇರೆ. ನೆಲದ ಮೇಲೆ ಹೋಗೋದ್ರಿಂದ ನಿಧಾನ, ಮತ್ತೆ ಯಾವ ಪುಸ್ತಕ ಸೇರುತ್ತೆ ಅಂತ ಕೌಂಟರಲ್ಲಿ ಕೇಳಿ ನೋಡಬೇಕು. ಆದ್ರೆ ಪರೀಕ್ಷೆಗೆ ಇನ್ನೂ ಎರಡು ತಿಂಗಳಿದ್ರೆ ಯಾರಿಗೆ ಅವಸರ?

ನಮ್ಮ ಮೂರು ತಾಲೂಕಿನ ಒಳಗಂತೂ ಪೋಸ್ಟೇ ಬೇಡ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ನಾಲ್ಕೂ ಕಡೆ ರೈಲ್ವೆ ಸ್ಟೇಷನ್ ಇದೆ. ತರೀಕೆರೆ ಲೈನೂ ಅಜ್ಜಂಪುರ ಲೈನೂ ಸೇರೋದು ಬೀರೂರಲ್ಲೇ. ದಿನಾ ಪಾಸ್ ಇಟ್ಕೊಂಡು ಓಡಾಡೋ ನಮ್ಮವರೇ ಎಷ್ಟು ಜನ ಇಲ್ಲ! ನಾಲ್ಕು ಪುಸ್ತಕ ಒಬ್ಬರ ಬ್ಯಾಗಲ್ಲಿ ಬರಲ್ವಾ? "ನೋ ಪಿಕಪ್" ಅನ್ನೋ ಪೇಜ್‌ಗೆ ಪುಸ್ತಕಕ್ಕಿಂತ ಶಿಪ್ಪಿಂಗ್ ಮೇಲೇ ಪ್ರೀತಿ ಅಂತ ನನ್ನ ಅನಿಸಿಕೆ. (ಮನೆ ವಿಳಾಸ ಕೊಡೋಕೆ ಹೆದರೋ ಹುಡುಗಿಯರ ಪೇಜ್ ಬೇರೆ ವಿಷಯ. ಅವರಿಗೆ ಸ್ಟೇಷನ್, ಕಾಲೇಜ್ ಗೇಟ್ ಥರದ ಜಾಗ ಇದೆ. ಅದೂ ಬೇಡ ಅಂದ್ರೆ ಬೇಡ.)

(6/6)
ಕಾನೂನು ಏನು ಹೇಳುತ್ತೆ ಅಂತ ಕಳೆದ ಪೋಸ್ಟಲ್ಲಿ ಸುಮಾರು ಜನ ಕೇಳಿದ್ರಿ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲಿನ ಒಟ್ಟು ಬೆಲೆಯನ್ನ ಒಂದೇ ಅಂಕಿಯಲ್ಲಿ ತೋರಿಸಬೇಕು. ಜೊತೆಗೆ ಡೆಲಿವರಿ, ಅಂಚೆ, ಹ್ಯಾಂಡ್ಲಿಂಗ್, ತೆರಿಗೆ ಎಷ್ಟೆಷ್ಟು ಅಂತ ಬಿಡಿಸಿ ಹೇಳಬೇಕು. 2023ರ ನವೆಂಬರ್ 30ರಂದು ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ 13 ಥರದ ಮೋಸದ ಪಟ್ಟಿ ಇದೆ. ಅದರಲ್ಲಿ ಒಂದು ಡ್ರಿಪ್ ಪ್ರೈಸಿಂಗ್, ಅಂದ್ರೆ ಬೆಲೆಯನ್ನ ಹನಿ ಹನಿಯಾಗಿ ಕೊನೇಲಿ ಹೊರಗೆ ಬಿಡೋದು.

ವರ್ಷಕ್ಕೊಮ್ಮೆ ತನ್ನ ಹಳೇ ಪುಸ್ತಕ ಮಾರೋ ವಿದ್ಯಾರ್ಥಿಯನ್ನ ಆ ಇ-ಕಾಮರ್ಸ್ ನಿಯಮ ಹಿಡಿಯಲ್ಲ. ವೈಯಕ್ತಿಕವಾಗಿ, ವ್ಯಾಪಾರವಾಗಿ ಅಲ್ಲದೆ ಮಾಡೋದಕ್ಕೆ ವಿನಾಯಿತಿ ಇದೆ. ಆದ್ರೆ ವಾರವಾರ ತಪ್ಪದೆ ಹರಾಜು ನಡೆಸೋ ಪೇಜ್ "ನಾವು ಸ್ಟೂಡೆಂಟ್ಸ್ ಬ್ರೋ" ಅಂತ ಅದರ ಹಿಂದೆ ಬಚ್ಚಿಟ್ಕೊಳ್ಳೋಕೆ ಆಗಲ್ಲ. ದುಡ್ಡು ಕೊಟ್ಟು ಮೋಸ ಹೋದವರಿಗೆ ಗ್ರಾಹಕ ಸಹಾಯವಾಣಿ 1915 ಇದೆ. 180 ರೂಪಾಯಿಗೆ ಯಾರು ಫೋನ್ ಮಾಡ್ತಾರೆ ಅಂತೀರಾ? ಸೆಲ್ಲರ್ ಲೆಕ್ಕಾಚಾರವೂ ಅದೇ.

ನಾನು ಕೇಳೋದು ಇಷ್ಟೇ. ಸೆಲ್ಲರ್‌ಗಳೇ, ಬಿಡ್ ಶುರುವಾಗೋ ಮೊದಲು ಫೋಟೋದ ಮೇಲೇ ಶಿಪ್ಪಿಂಗ್ ಅಂಕಿ ಹಾಕಿ. ಹಾಕದಿದ್ರೆ ಗೆದ್ದವರು ಡಿಎಂ ನೋಡಿ ಬೇಡ ಅನ್ನೋ ಹಕ್ಕು ಅವರದ್ದು, ಅವರ ಫೋಟೋ ಸ್ಟೋರಿಗೆ ಹಾಕೋ ಹಕ್ಕು ನಿಮ್ಮದಲ್ಲ. ಕೂಗೋರೇ, ಮೊದಲನೇ ಕಮೆಂಟ್ ಬಿಡ್ ಆಗಿರಬಾರದು, ಪ್ರಶ್ನೆ ಆಗಿರಲಿ: "ಅಜ್ಜಂಪುರಕ್ಕೆ ಎಷ್ಟು?" ಎಲ್ಲರಿಗೂ ಕಾಣೋ ಹಾಗೆ ಕೇಳಿ, ಡಿಎಂನಲ್ಲಿ ಅಲ್ಲ. ಉತ್ತರ ಬರೋ ತನಕ ಯಾರೂ ಕೂಗಬೇಡಿ.

ಆ ಜೂನಿಯರ್‌ಗೆ ಅದೇ ನಾಲ್ಕು ಪುಸ್ತಕಗಳಲ್ಲಿ ಮೂರು ನಮ್ಮ ಸೀನಿಯರ್ ಒಬ್ಬರ ಹತ್ರ ಸಿಕ್ತು. ನಾಲ್ಕನೇದು, ಕರ್ನಾಟಕ ಇತಿಹಾಸದ್ದು, ಇನ್ನೂ ಬೇಕು. ನಿಮ್ಮ ಹತ್ರ ಇದ್ರೆ ಡಿಎಂ ಮಾಡಿ, ಬೀರೂರು ಸ್ಟೇಷನ್‌ನಲ್ಲಿ ನಾನೇ ಬಂದು ತಗೋತೀನಿ.

#ಕಡೂರು #ಬೀರೂರು #ತರೀಕೆರೆ #ಅಜ್ಜಂಪುರ #ಶಿಪ್ಪಿಂಗ್‌ಎಷ್ಟು