ಚಲನಚಿತ್ರವೂ ಸಾಮಾನ್ಯ ಪ್ರೇಕ್ಷಕನ ತೀರ್ಪೂ

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಭಾಗಿಸಿದ ಪ್ರಾಚೀನರು, ದೃಶ್ಯಕಾವ್ಯದ ಸಿದ್ಧಿಯ ನಿರ್ಣಯವನ್ನು ಕವಿಗಾಗಲಿ ನಟನಿಗಾಗಲಿ ಬಿಡಲಿಲ್ಲ. ಸಭೆಯಲ್ಲಿ ಕುಳಿತು ನೋಡುವ ಪ್ರೇಕ್ಷಕನಿಗೆ ಅದನ್ನು ಒಪ್ಪಿಸಿದರು. ಈ ಕಾಲದ ದೃಶ್ಯಕಾವ್ಯವೆಂದರೆ ಚಲನಚಿತ್ರವೇ ಸರಿ. 1934ರಲ್ಲಿ ‘ಸತಿ ಸುಲೋಚನಾ’ ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡು ಕನ್ನಡ ವಾಕ್ಚಿತ್ರ ಪರಂಪರೆ ಆರಂಭವಾದಂದಿನಿಂದ ಒಂಬತ್ತು ದಶಕಗಳು ಕಳೆದಿವೆ. ಇಷ್ಟು ಕಾಲವೂ ಚಿತ್ರ ನೋಡಿ ಹೊರಬಂದವರು ದಾರಿಯುದ್ದಕ್ಕೂ ಅದರ ಗುಣದೋಷಗಳನ್ನು ಆಡಿಕೊಳ್ಳುತ್ತಲೇ ಬಂದಿದ್ದಾರೆ. ಆದರೆ ವಿದ್ಯಾವಂತರ ವಲಯದಲ್ಲಿ ಆ ಮಾತನ್ನು ಹರಟೆಯೆಂದು ತಳ್ಳಿಹಾಕುವ ರೂಢಿಯುಂಟು. ಈ ರೂಢಿ ಸಾಧುವಲ್ಲ. ಹಾಗೆಂದು ಆಡಿದ ಮಾತೆಲ್ಲವೂ ಗ್ರಾಹ್ಯವೆಂಬ ಪಕ್ಷವೂ ಸಾಧುವಲ್ಲ. ಯಾವ ಮಾತು ತೀರ್ಪು, ಯಾವುದು ಬರಿಯ ಸದ್ದು ಎಂಬುದನ್ನು ಬಿಡಿಸಿ ನೋಡುವುದು ಅವಶ್ಯ. ಅದನ್ನು ಮಕ್ಕಳಿಗೆ ಕಲಿಸುವುದು ಅದಕ್ಕಿಂತಲೂ ಅವಶ್ಯ.

ಸಾಮಾನ್ಯರ ವಿವೇಚನೆಯನ್ನು ಗೌರವಿಸುವುದು ಕನ್ನಡಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನರು ಶಾಸ್ತ್ರವನ್ನು ಓದದೆಯೇ ಕಾವ್ಯದ ಮರ್ಮವನ್ನು ಬಲ್ಲವರೆಂದು ಹೊಗಳಿದೆ. ನಾಡಿನ ಮೊದಲ ಲಕ್ಷಣಗ್ರಂಥವೇ ಓದದವನ ಬುದ್ಧಿಗೆ ಮನ್ನಣೆಯಿತ್ತಿರಲು, ಓದಿದವರು ಅದನ್ನು ಕಡೆಗಣಿಸುವುದು ಹೇಗೆ ಯುಕ್ತವಾದೀತು?

ಈ ವಿಚಾರಕ್ಕೆ ಜಾಲಹಳ್ಳಿಯಂತಹ ಊರು ಒಳ್ಳೆಯ ನಿದರ್ಶನ. ಬೆಂಗಳೂರಿನ ವಾಯವ್ಯಕ್ಕೆ ಹೊಲತೋಟಗಳ ನಡುವೆ ಇದ್ದ ಈ ಹಳ್ಳಿಗೆ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಬಂದಿತು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರದ ಕಾರ್ಖಾನೆ ತಲೆಯೆತ್ತಿತು. ಮಗ್ಗುಲಲ್ಲಿಯೇ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ನಾಡಿನ ಹಲವು ಜಿಲ್ಲೆಗಳಿಂದಲೂ ನೆರೆ ರಾಜ್ಯಗಳಿಂದಲೂ ಜನ ಬಂದು ನೆಲೆಸಿದರು. ಅವರ ಊರು ಬೇರೆ, ಊಟ ಬೇರೆ, ಎಷ್ಟೋ ಮಂದಿಗೆ ಮನೆಮಾತೂ ಬೇರೆ. ಪಾಳಿ ಮುಗಿಸಿ ಬಸ್ಸಿಗೆ ಕಾಯುವಾಗ, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಪರಿಚಯವಿಲ್ಲದ ಇಬ್ಬರ ನಡುವೆ ಸಲೀಸಾಗಿ ಹುಟ್ಟಬಹುದಾದ ಮಾತೆಂದರೆ ಭಾನುವಾರ ನೋಡಿದ ಸಿನಿಮಾದ ಮಾತು. ಕನ್ನಡ ಬಾರದವರಿಗೆ ಕನ್ನಡವನ್ನು ಕಲಿಸಿದ್ದರಲ್ಲಿ ಈ ಮಾತುಕತೆಯ ಪಾಲೂ ಇದೆ.

ಇಂತಹ ಪ್ರೇಕ್ಷಕರು ಬರಿಗೈಯಲ್ಲಿ ಚಿತ್ರಮಂದಿರಕ್ಕೆ ಹೋಗುವವರಲ್ಲ. ತಮ್ಮ ಬದುಕನ್ನು ಜೊತೆಗೆ ಒಯ್ಯುವವರು. 1972ರಲ್ಲಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ‘ಬಂಗಾರದ ಮನುಷ್ಯ’ ತೆರೆಗೆ ಬಂದು, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಕಾಲ ನಡೆಯಿತು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದ ನಾಯಕ ರಾಜೀವನು ಅಕ್ಕನ ಊರಿಗೆ ಬಂದು ಮಣ್ಣನ್ನು ನಂಬಿ ನಿಲ್ಲುತ್ತಾನೆ. ಮಣ್ಣನ್ನು ಬಿಟ್ಟು ಯಂತ್ರದ ಮುಂದೆ ನಿಂತವನಿಗೆ ಆ ಚಿತ್ರ ಕೇವಲ ವಿನೋದವಾಗಿರಲು ಸಾಧ್ಯವಿರಲಿಲ್ಲ. ಊರಿನಲ್ಲಿ ಪಾಲಿಗೆ ಕೊಟ್ಟು ಬಂದ ಎರಡು ಎಕರೆ ಹೊಲವೂ ಒಂಟಿಯಾದ ತಾಯಿಯೂ ಅವನ ಕಣ್ಣ ಮುಂದೆ ಸುಳಿದಿರಬೇಕು. ಅಂಥವನು “ಚಿತ್ರ ಚೆನ್ನಾಗಿದೆ” ಎಂದರೆ ಆ ಮೆಚ್ಚುಗೆಯ ಹಿಂದೆ ಒಂದು ವ್ಯಥೆಯುಂಟು. “ಸಿನಿಮಾದಲ್ಲಿ ಬೆಳೆದಷ್ಟು ಸುಲಭವಾಗಿ ಹೊಲದಲ್ಲಿ ಬೆಳೆಯುವುದಿಲ್ಲ” ಎಂದರೆ ಆ ಆಕ್ಷೇಪದ ಹಿಂದೆ ಅನುಭವದ ಪ್ರಮಾಣವುಂಟು. ಎರಡೂ ತೀರ್ಪುಗಳೇ.

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಸಿದ್ಧಿಯ ನಿರೂಪಣೆಗೆಂದೇ ಒಂದು ಅಧ್ಯಾಯವಿದೆ. ಪ್ರಯೋಗದ ಸಿದ್ಧಿಯನ್ನು ಮುನಿಯು ಮಾನುಷಿ, ದೈವಿಕಿ ಎಂದು ಎರಡಾಗಿ ಎಣಿಸಿದ್ದಾನೆ. ಪ್ರೇಕ್ಷಕರ ಮುಗುಳುನಗೆ, ಗಟ್ಟಿಯಾದ ನಗು, ‘ಸಾಧು’ ಎಂಬ ಮೆಚ್ಚುನುಡಿ, ‘ಅಯ್ಯೋ’ ಎಂಬ ಉದ್ಗಾರ, ರೋಮಾಂಚ, ಎದ್ದು ನಿಲ್ಲುವುದು, ಬಟ್ಟೆಯನ್ನೂ ಉಂಗುರವನ್ನೂ ಎಸೆಯುವುದು, ಇವೆಲ್ಲ ಮಾನುಷಿ. ತೆರೆಯ ಮುಂದೆ ಶಿಳ್ಳೆ ಹಾಕಿ ನಾಣ್ಯ ತೂರುವ ಅಭಿಮಾನಿಯೂ ಈ ಲೆಕ್ಕದಿಂದ ಹೊರಗಿಲ್ಲ. ಆದರೆ ಸಭೆ ತುಂಬಿದ್ದು, ಸದ್ದಿಲ್ಲದೆ, ಕ್ಷೋಭೆಯಿಲ್ಲದೆ ಇದ್ದರೆ ಅದು ದೈವಿಕಿ. ಸದ್ದಿನಿಂದ ಅಳೆಯುವ ಸಿದ್ಧಿಗಿಂತ ಮೌನದಿಂದ ಅಳೆಯುವ ಸಿದ್ಧಿಗೆ ಮುನಿಯು ಹಿರಿಮೆಯನ್ನು ಕೊಟ್ಟಿರುವುದು ಚಿಂತನಾರ್ಹ.

ಅದೇ ಅಧ್ಯಾಯದಲ್ಲಿ ಇನ್ನೆರಡು ಮಾತುಗಳಿವೆ. ಮೊದಲನೆಯದು, ಎಲ್ಲರಿಗೂ ಎಲ್ಲವೂ ರುಚಿಸುವುದಿಲ್ಲವೆಂಬುದು. ತರುಣರು ಶೃಂಗಾರದಲ್ಲಿ, ಶೂರರು ರೌದ್ರ ಬೀಭತ್ಸಗಳಲ್ಲಿ, ವೃದ್ಧರು ಪುರಾಣಕಥೆಗಳಲ್ಲಿ ಒಲವುಳ್ಳವರಾಗಿರುತ್ತಾರೆಂದು ಮುನಿಯು ಒಪ್ಪಿಕೊಂಡಿದ್ದಾನೆ. ಎರಡನೆಯದು, ವಿವಾದ ಹುಟ್ಟಿದಾಗ ತೀರ್ಪು ಹೇಳತಕ್ಕವರು ಯಾರೆಂಬುದು. ಯಜ್ಞದ ದೃಶ್ಯಕ್ಕೆ ಯಜ್ಞವನ್ನು ಬಲ್ಲವನು, ನೃತ್ಯಕ್ಕೆ ನರ್ತಕ, ಶಬ್ದಕ್ಕೆ ವೈಯಾಕರಣ, ಅಸ್ತ್ರಪ್ರಯೋಗಕ್ಕೆ ಬಿಲ್ಲುಗಾರ, ಗಾನಕ್ಕೆ ಗಾಯಕ. ಹೀಗೆ ಯಾವುದನ್ನು ಯಾವನು ಬದುಕಿನಲ್ಲಿ ಬಲ್ಲನೋ ಅದಕ್ಕೆ ಅವನೇ ಪ್ರಾಶ್ನಿಕ. ಈ ನಿಯಮವನ್ನು ಇಂದಿಗೆ ಅನ್ವಯಿಸಿದರೆ, ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವನು ಕಾರ್ಖಾನೆಯ ದೃಶ್ಯಕ್ಕೆ ಪ್ರಾಶ್ನಿಕ. ಸೊಸೆಯಾಗಿ ಬಂದು ಅತ್ತೆಯಾದವಳು ಸಂಸಾರದ ದೃಶ್ಯಕ್ಕೆ ಪ್ರಾಶ್ನಿಕೆ. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು ಮರುವರ್ಷ ಇಲ್ಲಿ ತೆರೆ ಕಂಡ ‘ತಿಥಿ’ಯಲ್ಲಿ ಅಭಿನಯಿಸಿದವರು ಮಂಡ್ಯದ ಕಡೆಯ ಹಳ್ಳಿಗರೇ. ಆ ಚಿತ್ರದ ಆಡುನುಡಿ ಸಹಜವೇ ಎಂಬುದಕ್ಕೆ ಪರದೇಶದ ಪಂಡಿತನಿಗಿಂತ, ಮಂಡ್ಯದಿಂದ ಬಂದು ಪೀಣ್ಯದಲ್ಲಿ ದುಡಿಯುವ ಕೆಲಸಗಾರನೇ ಹೆಚ್ಚಿನ ಪ್ರಮಾಣ. 2022ರ ‘ಕಾಂತಾರ’ದಲ್ಲಿ ತುಳುನಾಡಿನ ಭೂತಕೋಲವಿದೆ. ಅದರ ಚಿತ್ರಣದ ಯುಕ್ತಾಯುಕ್ತತೆಯನ್ನು ಹೇಳಲು ಆ ಆರಾಧನೆಯಲ್ಲಿ ಬೆಳೆದವರು ಅಧಿಕಾರಿಗಳು. ಉಳಿದವರು ತಮಗಾದ ರೋಮಾಂಚವನ್ನು ಹೇಳಿ, ಆಚರಣೆಯ ವಿಷಯದಲ್ಲಿ ಅವರನ್ನು ಕೇಳಿ ತಿಳಿಯುವುದು ಮರ್ಯಾದೆ.

ಹಳೆಯ ಚಿತ್ರಗಳ ವಿಷಯದಲ್ಲಿ ಈ ವಿವೇಚನೆ ಇನ್ನೂ ಸೂಕ್ಷ್ಮವಾಗುತ್ತದೆ. ದೊರೈ–ಭಗವಾನ್ ಅವರು ನಿರ್ದೇಶಿಸಿದ ‘ಕಸ್ತೂರಿ ನಿವಾಸ’ 1971ರದು. ಕಪ್ಪುಬಿಳುಪಿನಲ್ಲಿದ್ದ ಆ ಚಿತ್ರಕ್ಕೆ ಬಣ್ಣ ಹಚ್ಚಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಅಜ್ಜ ಮೊಮ್ಮಕ್ಕಳು ಒಟ್ಟಿಗೆ ಕುಳಿತು ನೋಡುವ ಅವಕಾಶ ಒದಗಿತು. ಬೆಂಕಿಪೆಟ್ಟಿಗೆಯ ಕಾರ್ಖಾನೆಯ ಒಡೆಯನೊಬ್ಬನು ಕೊಡುವುದನ್ನು ಬಿಡದೆ ಎಲ್ಲವನ್ನೂ ಕಳೆದುಕೊಳ್ಳುವ, ಅವನಲ್ಲಿ ನೌಕರನಾಗಿದ್ದವನೇ ಪ್ರತಿಸ್ಪರ್ಧಿಯಾಗಿ ಮೇಲೇರುವ ಕಥೆ ಅದು. ಜಾಲಹಳ್ಳಿಯಲ್ಲಿ ಈ ಕಥೆಗೆ ಬೇರೆಡೆ ಇಲ್ಲದ ಒಂದು ಪ್ರತಿಧ್ವನಿಯುಂಟು. ನಾಡಿನ ಮಣಿಕಟ್ಟುಗಳಿಗೆಲ್ಲ ಗಡಿಯಾರ ಕಟ್ಟಿದ ಇಲ್ಲಿಯ ಸಂಸ್ಥೆ, ಕೀಲಿ ಕೊಡುವ ಗಡಿಯಾರದ ಯುಗ ಮುಗಿದು ಕ್ವಾರ್ಟ್ಜ್ ಗಡಿಯಾರದ ಯುಗ ಬಂದಾಗ ಪೈಪೋಟಿಯಲ್ಲಿ ಹಿಂದೆ ಬಿದ್ದಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. 2019ರಲ್ಲಿ ಆ ಸಂಸ್ಥೆಯ ಇತಿಹಾಸ ಇದೇ ಜಾಲಹಳ್ಳಿಯಲ್ಲಿ ಒಂದು ವಸ್ತುಸಂಗ್ರಹಾಲಯವಾಯಿತು.

ಗಡಿಯಾರದ ಕಾರ್ಖಾನೆಯಲ್ಲಿ ಸವೆದು ನಿವೃತ್ತನಾದ ತಂದೆಯೂ, ತಾಂತ್ರಿಕ ಶಿಕ್ಷಣ ಪಡೆದು ಹೊಸ ಕಂಪನಿಯೊಂದರಲ್ಲಿ ದುಡಿಯುವ ಮಗನೂ ಈ ಚಿತ್ರವನ್ನು ನೋಡಿದರೆಂದು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ತಂದೆಯು “ಎಂಥ ದೊಡ್ಡ ಮನುಷ್ಯ! ಸೋತರೂ ಕೈ ಹಿಂದೆಗೆಯಲಿಲ್ಲ ನೋಡು” ಎಂದು ಕಣ್ಣೊರೆಸಿಕೊಳ್ಳುವನು. ಮಗನು “ಅಪ್ಪಾ, ದೊಡ್ಡ ಮನುಷ್ಯನೇ ನಿಜ. ಆದರೆ ಯಜಮಾನ ಲೆಕ್ಕ ನೋಡದೆ ಹೋದರೆ ಅವನನ್ನು ನಂಬಿದ ನೂರು ಮನೆಗಳ ಗತಿಯೇನು?” ಎಂದು ಕೇಳುವನು. ತಂದೆಗೆ ಈ ಪ್ರಶ್ನೆ ಚಿತ್ರದ ಮೇಲಿನದಾಗಿ ಕೇಳಿಸಲಾರದು. ತನ್ನ ಆಯುಷ್ಯದ ಮೇಲೆ ಎತ್ತಿದ ಆಕ್ಷೇಪದಂತೆ ಕೇಳಿಸೀತು. ಅವನು ಕೋಪಿಸಿಕೊಂಡು ಎದ್ದು ಹೋಗಬಹುದು. ಅಥವಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಲೆಕ್ಕ ನೋಡುವವರು ಬೇರೆ ಇದ್ದರು ಕಣಪ್ಪ. ನಮ್ಮ ಕೈಗೆ ಕೊಟ್ಟಿದ್ದು ಭೂತಕನ್ನಡಿ ಮತ್ತು ಚಿಮಟ. ಆ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ” ಎಂದು ಬಾಯಿಬಿಡಬಹುದು. ಬೇರೆ ಯಾವ ಸಂದರ್ಭದಲ್ಲಿಯೂ ಆಡದ ಮಾತನ್ನು ತಂದೆಯಿಂದ ಆಡಿಸಿದ್ದು ಆ ಚಿತ್ರ. ಬೇರೆ ಯಾವ ಸಂದರ್ಭದಲ್ಲಿಯೂ ಕೇಳದ ಪ್ರಶ್ನೆಯನ್ನು ಮಗನಿಂದ ಕೇಳಿಸಿದ್ದೂ ಆ ಚಿತ್ರವೇ. ಇಬ್ಬರಲ್ಲಿ ಸೋತವರು ಯಾರೂ ಇಲ್ಲ. ಹಳೆಯ ಚಿತ್ರವೊಂದು ಚಿರಂತನವೆನಿಸುವುದು ಎಲ್ಲರೂ ಅದನ್ನು ಒಂದೇ ದನಿಯಲ್ಲಿ ಹೊಗಳುವುದರಿಂದಲ್ಲ. ಪ್ರತಿಯೊಂದು ತಲೆಮಾರೂ ಅದರೊಡನೆ ಹೊಸದಾಗಿ ವಾದಕ್ಕಿಳಿಯುವುದರಿಂದ.

ಈಗಿನ ಸ್ಥಿತಿಯೇನು? ಅಭಿಪ್ರಾಯ ಹೇಳುವವರ ಸಂಖ್ಯೆ ಎಂದಿಗಿಂತಲೂ ಹೆಚ್ಚಿದೆ, ಅಭಿಪ್ರಾಯವೆನ್ನಬಹುದಾದುದು ಕಡಮೆಯಾಗಿದೆ. ಮೊದಲ ಪ್ರದರ್ಶನ ಮುಗಿಯುವ ಮೊದಲೇ ಅಂಗೈಯ ಮೊಬೈಲಿನಲ್ಲಿ ತೀರ್ಪು ಹೊರಟಿರುತ್ತದೆ. ನೋಡದವನು ನೋಡಿದವನಂತೆ ಬರೆಯುತ್ತಾನೆ. 2018ರಲ್ಲಿ ‘ಕೆ.ಜಿ.ಎಫ್.’ ಬಂದ ಮೇಲೆ ಕನ್ನಡ ಚಿತ್ರಗಳ ಮಾರುಕಟ್ಟೆ ದೇಶವ್ಯಾಪಿಯಾಯಿತು; ಅದು ಹೆಮ್ಮೆಪಡತಕ್ಕ ಸಂಗತಿಯೇ. ಆದರೆ ಅದರ ಜೊತೆಗೆ, ಚಿತ್ರ ಹೇಗಿದೆಯೆಂದು ಕೇಳಿದರೆ ಎಷ್ಟು ಕೋಟಿ ಗಳಿಸಿತೆಂದು ಉತ್ತರ ಹೇಳುವ ಅಭ್ಯಾಸವೂ ಬೆಳೆಯಿತು. ಹಣ ಹಾಕಿದವನು ಗಳಿಕೆಯನ್ನು ಎಣಿಸಲಿ; ಟಿಕೆಟ್ಟು ಕೊಂಡವನು ಏಕೆ ಎಣಿಸಬೇಕು? ಇನ್ನು ನಟರ ಹೆಸರಿನಲ್ಲಿ ಪಂಗಡ ಕಟ್ಟಿಕೊಂಡು, ಒಬ್ಬರ ಚಿತ್ರವನ್ನು ಇನ್ನೊಬ್ಬರ ಅಭಿಮಾನಿಗಳು ಹಳಿಯುವ ರೀತಿಯಂತೂ ವಿಷಾದಕರ. ಡಾ. ರಾಜಕುಮಾರ್ ಅವರು ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದರು. ಆ ಸಂಬೋಧನೆಯು ಪ್ರೇಕ್ಷಕನಿಗೆ ಗೌರವವನ್ನು ಕೊಟ್ಟಂತೆ ಹೊಣೆಯನ್ನೂ ಹೊರಿಸಿದೆ ಎಂಬುದನ್ನು ಮರೆಯಬಾರದು.

ಇಲ್ಲೊಂದು ಆಕ್ಷೇಪ ಹುಟ್ಟಬಹುದು. ದಿನವಿಡೀ ದುಡಿದು ದಣಿದವನು ಎರಡೂವರೆ ಗಂಟೆಯ ಸಂತೋಷಕ್ಕಾಗಿ ಚಿತ್ರಕ್ಕೆ ಹೋಗುತ್ತಾನೆ. ಅವನಿಂದ ಕಾರಣಗಳನ್ನು ಕೇಳುವುದು ಕ್ರೌರ್ಯವಲ್ಲವೇ ಎಂದು. ಆಕ್ಷೇಪದಲ್ಲಿ ಹುರುಳಿದೆ. ಕಾರಣವಿಲ್ಲದೆ ನಗುವ ಹಕ್ಕು ಎಲ್ಲರಿಗೂ ಇದೆ. ಆದರೆ ಸಂತೋಷಪಡುವುದು ಬೇರೆ, ಇನ್ನೊಬ್ಬನಿಗೆ “ನೋಡು” ಅಥವಾ “ನೋಡಬೇಡ” ಎನ್ನುವುದು ಬೇರೆ. ಆ ಮಾತನ್ನು ನಂಬಿ ಇನ್ನೊಬ್ಬನು ತನ್ನ ದುಡಿಮೆಯ ಹಣವನ್ನೂ ವಾರದ ಒಂದೇ ಬಿಡುವನ್ನೂ ವೆಚ್ಚ ಮಾಡುತ್ತಾನೆ. ಅಥವಾ ನೂರಾರು ಮಂದಿಯ ಶ್ರಮದ ಫಲವನ್ನು ನೋಡದೆಯೇ ತಿರಸ್ಕರಿಸುತ್ತಾನೆ. ಆದಕಾರಣ ತೀರ್ಪು ಕೊಡುವವನು ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ತಾನೇ ಪೂರ್ತಿ ನೋಡಿರಬೇಕು. ಯಾವ ಸನ್ನಿವೇಶ, ಏಕೆ ಎಂದು ಒಂದನ್ನಾದರೂ ಎತ್ತಿ ಹೇಳಬೇಕು. ತನಗೆ ತಿಳಿಯದ ಭಾಗವನ್ನು ತಿಳಿದವರಿಗೆ ಬಿಡಬೇಕು. ಇವು ಪಂಡಿತರಿಗೆ ಮಾತ್ರ ಸಾಧ್ಯವಾದ ನಿಯಮಗಳಲ್ಲ. ಹದಿನಾಲ್ಕು ವರ್ಷದ ಹುಡುಗನೂ ಪಾಲಿಸಬಹುದಾದವು.

ಹೀಗಿರಲು, ಶಾಲೆಗಳ ಕರ್ತವ್ಯ ಸ್ಪಷ್ಟವಾಗಿದೆ. ಸಿನಿಮಾ ನೋಡಬೇಡಿರೆಂದು ಮಕ್ಕಳನ್ನು ಗದರಿಸುವ ಕಾಲ ಹಿಂದಾಯಿತು. ಗದರಿಸಿದರೂ ಅದು ಈಗ ಮನೆಯೊಳಗೆ, ಕಿಸೆಯೊಳಗೆ ಇದೆ. ಕನ್ನಡ ಅಧ್ಯಾಪಕರು ಪ್ರಬಂಧದ ಅವಧಿಯಲ್ಲಿ ತಿಂಗಳಿಗೊಮ್ಮೆಯಾದರೂ ಮಕ್ಕಳು ನೋಡಿದ ಚಿತ್ರವೊಂದನ್ನು ವಿಷಯವಾಗಿ ಕೊಡಬಹುದು. ‘ಸೂಪರ್’, ‘ಬೋರು’ ಎಂಬ ಎರಡು ಪದಗಳನ್ನು ನಿಷೇಧಿಸಿ, ಅವುಗಳ ಬದಲು ಹತ್ತು ವಾಕ್ಯಗಳನ್ನು ಬರೆಯಿಸಬಹುದು. ತ್ರಿವೇಣಿಯವರ ‘ಶರಪಂಜರ’ವನ್ನು ಓದಿಸಿ, ಪುಟ್ಟಣ್ಣ ಕಣಗಾಲರು 1971ರಲ್ಲಿ ಮಾಡಿದ ಚಿತ್ರವನ್ನು ತೋರಿಸಿ, ಕಾದಂಬರಿಯಿಂದ ತೆರೆಗೆ ಬರುವಾಗ ಏನು ಉಳಿಯಿತು, ಏನು ಬದಲಾಯಿತು ಎಂದು ಮೇಲಿನ ತರಗತಿಯವರನ್ನು ಕೇಳಬಹುದು. ಛಂದಸ್ಸು ಅಲಂಕಾರಗಳ ಪಾಠದಿಂದ ಬರುವ ವಿವೇಚನೆಗೂ ಈ ವಿವೇಚನೆಗೂ ಜಾತಿಭೇದವಿಲ್ಲ.

ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಇಲ್ಲಿ ನೆರವಾಗಬಲ್ಲರು. ಶಾಲೆಗೊಂದು ಬೆಳ್ಳಿತೆರೆಯನ್ನೂ ಪ್ರಕ್ಷೇಪಕ ಯಂತ್ರವನ್ನೂ ಕೊಡುಗೆಯಾಗಿ ನೀಡುವುದು ಸುಲಭ. ಚಿತ್ರ ಮುಗಿದ ಮೇಲೆ ಮಕ್ಕಳ ನಡುವೆ ಒಂದು ಗಂಟೆ ಕುಳಿತು ಮಾತನಾಡುವುದು ಅದಕ್ಕಿಂತ ದೊಡ್ಡ ದಾನ. ಜಾಲಹಳ್ಳಿಯ ಬೀದಿಗಳಲ್ಲಿ ಬೆಳಗಿನ ವಾಯುಸೇವನೆಗೆ ಹೊರಡುವ ನಿವೃತ್ತ ಕಾರ್ಮಿಕರಲ್ಲಿ ‘ಬಂಗಾರದ ಮನುಷ್ಯ’ವನ್ನು ಅದು ಬಿಡುಗಡೆಯಾದ ವರ್ಷವೇ ನೋಡಿದವರು ಇನ್ನೂ ಸಿಗುತ್ತಾರೆ. ಅವರನ್ನು ಶಾಲೆಗೆ ಕರೆದು, ಚಿತ್ರವನ್ನು ಮಕ್ಕಳೊಡನೆ ಮತ್ತೆ ನೋಡಲು ಕೇಳಿಕೊಂಡರೆ ಯಾರೂ ಒಲ್ಲೆನೆನ್ನಲಾರರು. ಅಂದು ಅವರು ಕಂಡದ್ದೇನು, ಇಂದು ಮಕ್ಕಳು ಕಂಡದ್ದೇನು ಎಂಬ ಮಾತುಕತೆಯಿಂದ ಎರಡು ತಲೆಮಾರುಗಳೂ ಲಾಭ ಪಡೆಯುತ್ತವೆ. ಆ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಚಿತ್ರದ ಸುರುಳಿಯನ್ನು ಕಾಪಾಡಲು, ಬಣ್ಣ ಹಚ್ಚಿ ಹೊಸದು ಮಾಡಲು ಯಂತ್ರಗಳಿವೆ. ಅದನ್ನು ಮೊದಲು ನೋಡಿದವರ ಮಾತನ್ನು ಕಾಪಾಡಲು ಕೇಳುವ ಕಿವಿಯಲ್ಲದೆ ಬೇರೆ ಉಪಾಯವಿಲ್ಲ. ಈ ಕಾರ್ಯವನ್ನು ಮುಂದಿನ ವರ್ಷಕ್ಕೆ ತಳ್ಳದೆ, ಈ ವರ್ಷವೇ ಕೈಗೊಳ್ಳುವುದು ವಿಹಿತ.