ಒಳ್ಳೆಯ ಹೋಟೆಲು ಯಾವುದು?

ಪರವೂರಿಗೆ ಹೋದವರಿಗೆ ಮೊದಲು ಬೇಕಾದುವು ಮೂರು: ಇಳಿದುಕೊಳ್ಳಲು ಒಂದು ಜಾಗ, ದಾರಿ ಹೇಳಲು ಒಬ್ಬ ಮನುಷ್ಯ, ಹೊಟ್ಟೆಗೆ ಒಂದು ಹಿಡಿ ಅನ್ನ. ಮೊದಲಿನ ಎರಡು ಸಿಕ್ಕದೆ ಹೋದರೂ ಬಸ್ ನಿಲ್ದಾಣದ ಬೆಂಚಿನ ಮೇಲೆ ಒಂದು ರಾತ್ರಿಯನ್ನು ಹೇಗೋ ಕಳೆಯಬಹುದು. ಮೂರನೆಯದು ಸಿಕ್ಕದಿದ್ದರೆ ಮಹಾನಗರದ ಯಾವ ವೈಭವವೂ ಕಣ್ಣಿಗೆ ಹಿಡಿಸುವುದಿಲ್ಲ. ನಮ್ಮ ಕಾಲೇಜಿನಿಂದ ವರ್ಷವರ್ಷವೂ ಹಲವರು ಪರೀಕ್ಷೆಯೆಂದು, ಸಂದರ್ಶನವೆಂದು, ನೌಕರಿಯೆಂದು ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುತ್ತಾರೆ. ಕೈಯಲ್ಲಿ ಒಂದು ಚೀಲ, ಕಿಸೆಯಲ್ಲಿ ಎಣಿಸಿದ ಹಣ, ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಎಲ್ಲಿ ಉಣ್ಣುವುದು? ಇದು ಕ್ಷುಲ್ಲಕ ಪ್ರಶ್ನೆಯೆಂದು ಯಾರಾದರೂ ಹೇಳಿದರೆ ಅವರು ಹಸಿದು ಪರೀಕ್ಷೆ ಬರೆದವರಲ್ಲ ಎಂದೇ ತಿಳಿಯಬೇಕು.

ಈ ಪ್ರಶ್ನೆಯನ್ನು ಎತ್ತುವುದಕ್ಕೆ ನಮ್ಮ ಸೀಮೆಯವರಿಗೆ ವಿಶೇಷವಾದ ಅಧಿಕಾರವೂ ಇದೆ, ವಿಶೇಷವಾದ ಸಂಕೋಚವೂ ಇದೆ. ಅಧಿಕಾರವೇಕೆಂದರೆ, ದೊಡ್ಡ ಪಟ್ಟಣಗಳಿಗೆ ಉಣ್ಣಿಸಿದವರು ನಮ್ಮವರು. ಬೆಂಗಳೂರಿನ ಲಾಲ್‌ಬಾಗಿನ ಬಳಿ 1924ರಲ್ಲಿ ಕಾಫಿ ಕ್ಲಬ್ಬು ತೆರೆದ ಮಯ್ಯ ಸಹೋದರರು ಕೋಟದ ಹತ್ತಿರದ ಪಾರಂಪಳ್ಳಿಯವರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು 1943ರಲ್ಲಿ ಆರಂಭಿಸಿದ ಉರಾಳ ಸಹೋದರರು ಸಾಲಿಗ್ರಾಮದವರು. 1970ರಲ್ಲಿ ಅದನ್ನು ವಹಿಸಿಕೊಂಡ ರಾಮಕೃಷ್ಣ ಅಡಿಗರೂ ನಮ್ಮ ಕಡೆಯವರೇ. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರೂ ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ನಡೆಸಲು ತೊಡಗಿದ ರಾಮ ನಾಯಕರೂ ಉಡುಪಿಯ ಹೆಸರನ್ನು ದೂರ ದೂರಕ್ಕೆ ಒಯ್ದರು. ಇನ್ನು ಸಂಕೋಚವೇಕೆಂದರೆ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಒಬ್ಬೊಬ್ಬರಿಗೂ ಮೇಜು ಒರೆಸುವ ಮಾಣಿಗಳು ಹತ್ತಾರು ಮಂದಿ ಇದ್ದರು; ಅವರೂ ನಮ್ಮವರೇ. ಹೆಸರು ಉಳಿದುದು ಮೊದಲಿನವರದು ಮಾತ್ರ.

ನಮ್ಮವರು ಹೀಗೆ ಊರು ಬಿಟ್ಟುದು ಪ್ರವಾಸದ ಹುಚ್ಚಿನಿಂದಲ್ಲ. ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ, ಹಂಚಿ ಹಂಚಿ ಅಂಗೈಯಗಲವಾದ ಗದ್ದೆ, ಹತ್ತಿರದಲ್ಲಿ ಕಾರಖಾನೆಯೆಂಬುದೇ ಇಲ್ಲದ ಊರು. ದೇವಸ್ಥಾನ ಮಠಗಳ ದೊಡ್ಡ ಅಡಿಗೆಯಲ್ಲಿ ಕೈ ಪಳಗಿದವರು ಸೌಟು ಹಿಡಿದು ಹೊರಟರು. 1974ರ ಭೂಸುಧಾರಣೆಯ ತರುವಾಯ ಗೇಣಿಯ ಆದಾಯ ನಿಂತ ಮನೆಗಳಿಂದಲೂ ಬಹಳ ಮಂದಿ ಇದೇ ದಾರಿ ಹಿಡಿದರು. ಕೈಯಲ್ಲಿ ಸೌಟೂ ಇಲ್ಲದವರು, ಗದ್ದೆಯೂ ಇಲ್ಲದವರು ಗ್ಲಾಸು ತೊಳೆಯಲು ಹೋದರು.

ಈಗ ಪ್ರಶ್ನೆಗೆ ಬರೋಣ. ಒಳ್ಳೆಯ ಹೋಟೆಲನ್ನು ಗುರುತಿಸುವುದು ಹೇಗೆ?

ಸಾಮಾನ್ಯ ಜನರು ಹೇಳುವ ಮೊದಲ ಉಪಾಯ ಫಲಕ ನೋಡುವುದು. "ಉಡುಪಿ" ಎಂದು ಬರೆದಿದ್ದರೆ ಸಾಕು, ಒಳಗೆ ನುಗ್ಗಬಹುದೆಂಬ ನಂಬಿಕೆ ನಮ್ಮ ಹಿರಿಯರಲ್ಲಿ ಇತ್ತು. ಆ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವೂ ಇತ್ತು. ಆದರೆ ಇಂದು ಆ ಫಲಕದ ಕೆಳಗೆ ಗೋಬಿ ಮಂಚೂರಿಯೂ ನೂಡಲ್ಸೂ ಪ್ರಧಾನ ದೇವತೆಗಳಾಗಿವೆ. ನೀರುದೋಸೆ ಕೇಳಿದರೆ "ಅದು ಭಾನುವಾರ ಮಾತ್ರ" ಎಂಬ ಉತ್ತರ. ಇದು ನಮ್ಮ ಉಡುಪಿಗೆ ಮಾತ್ರ ಬಂದ ಗತಿಯಲ್ಲ. ಬ್ರಿಟನ್ನಿನಲ್ಲಿ "ಇಂಡಿಯನ್" ಎಂಬ ಫಲಕ ಹೊತ್ತ ಭೋಜನಶಾಲೆಗಳಲ್ಲಿ ಬಹುಪಾಲನ್ನು ಕಟ್ಟಿ ಬೆಳೆಸಿದವರು ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಸೀಮೆಯವರು. ಅವರ ಅಡಿಗೆ ಕೀಳೆಂದು ನಾನು ಹೇಳುತ್ತಿಲ್ಲ. ಫಲಕದ ಮೇಲಿನ ಊರಿಗೂ ಒಲೆಯ ಮುಂದಿನ ಕೈಗೂ ಸಂಬಂಧವಿರಲೇಬೇಕೆಂದಿಲ್ಲ, ಅಷ್ಟೆ. ಉಣ್ಣುವವನಿಗೆ ಬೇಕಾದುದು ಕೈ.

ಎರಡನೆಯ ಉಪಾಯ ನಮ್ಮ ಕಾಲದ್ದು. ಫೋನಿನಲ್ಲಿ ನಕ್ಷತ್ರಗಳನ್ನು ಎಣಿಸುವುದು. ಯಾರೋ ಕಾಣದವರು ನಾಲ್ಕೂವರೆ ನಕ್ಷತ್ರ ಕೊಟ್ಟರೆಂದು ನಾವು ಎರಡು ಮೈಲಿ ನಡೆಯುತ್ತೇವೆ. ಆದರೆ ನಕ್ಷತ್ರ ಕೊಟ್ಟವನ ಕಿಸೆ ಎಷ್ಟು ದೊಡ್ಡದು, ಅವನ ನಾಲಿಗೆ ಯಾವ ಊರಿನದು ಎಂಬುದನ್ನು ನಕ್ಷತ್ರ ಹೇಳುವುದಿಲ್ಲ. ಚಿತ್ರ ತೆಗೆಯಲು ಚೆನ್ನಾಗಿರುವ ತಟ್ಟೆಗೂ ನಮ್ಮಂಥವರ ಹೊಟ್ಟೆಗೂ ಬಹಳ ಸಲ ಹೊಂದಾಣಿಕೆಯಿಲ್ಲ.

ಮೂರನೆಯದು ಬೆಲೆ. ವಿದ್ಯಾರ್ಥಿಗಳಾದ ನಮಗೆ ಇದು ಚಿಕ್ಕ ಮಾತಲ್ಲ. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಮೊದಲಾದ ದರ್ಶಿನಿ ಎಂಬ ಏರ್ಪಾಡು ನಮ್ಮ ಪಾಲಿಗೆ ಒಂದು ಉಪಕಾರ. ಮೊದಲೇ ದುಡ್ಡು ಕೊಟ್ಟು ಚೀಟಿ ಪಡೆದು, ನಿಂತು ತಿಂದು, ಕೈ ತೊಳೆದು ಹೋಗಬಹುದು. ಅಡಿಗೆ ನಡೆಯುವುದು ಕಣ್ಣೆದುರಿಗೇ. 2017ರ ಆಗಸ್ಟಿನಲ್ಲಿ ಅದೇ ನಗರದಲ್ಲಿ ಸರಕಾರವು ಇಂದಿರಾ ಕ್ಯಾಂಟೀನುಗಳನ್ನು ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟಿತು. ಇವೆರಡನ್ನೂ ಹೊಗಳಲೇಬೇಕು. ಆದರೆ ಅಗ್ಗವೆಂಬುದೊಂದೇ ಗುಣವಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, ಅಂದರೆ 1975ರ ತರುವಾಯ, ಹೋಟೆಲು ತಿಂಡಿಗಳ ಬೆಲೆಯನ್ನು ಸರಕಾರ ತೀರ ಇಳಿಸಿದಾಗ ಮಾವಳ್ಳಿಯ ಮಯ್ಯರು ಪದಾರ್ಥಗಳ ಗುಣವನ್ನು ಕೆಡಿಸಲು ಒಪ್ಪದೆ ಹೋಟೆಲಿನ ಬಾಗಿಲು ಹಾಕಿ, ಹಿಟ್ಟು ಪುಡಿಗಳ ಮಾರಾಟಕ್ಕೆ ತಿರುಗಿದರು. ಅಗ್ಗವಾಗಿ ಕೆಟ್ಟದನ್ನು ಕೊಡುವುದಕ್ಕಿಂತ ಕೊಡದಿರುವುದೇ ಮೇಲೆಂದು ಅವರಿಗೆ ತೋರಿತು. ಬಡ ಗಿರಾಕಿಗೆ ಅದರಿಂದ ಅನುಕೂಲವಾಯಿತೇ ಎಂದು ಕೇಳಬಹುದು, ಮೋಸವಂತೂ ಆಗಲಿಲ್ಲ.

ನಾಲ್ಕನೆಯ ಉಪಾಯವನ್ನು ನಾನು ಕಲಿತುದು ನಮ್ಮ ಅಪ್ಪಯ್ಯನಿಂದ. ಅವರು ಹನ್ನೆರಡನೆಯ ವಯಸ್ಸಿನಲ್ಲಿ, 1987ರಲ್ಲಿ, ಬೊಂಬಾಯಿಗೆ ಹೋಗಿ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯಲು ನಿಂತವರು. ಕ್ಲೀನರಾಗಿ, ಮೇಜು ಒರೆಸುವವರಾಗಿ, ಕಡೆಗೆ ಸಪ್ಲಾಯರಾಗಿ ಹನ್ನೊಂದು ವರ್ಷ ಅಲ್ಲಿದ್ದರು. ಮೊದಲನೆಯ ಯಜಮಾನರು ರಾತ್ರಿ ಮಲಗಲು ಕೊಟ್ಟುದು ಗಿರಾಕಿಗಳು ಎದ್ದ ಮೇಜುಗಳನ್ನೇ. ಎರಡನೆಯ ಹೋಟೆಲಿನವರು ಸಂಜೆ ಏಳರ ಮೇಲೆ ಕನ್ನಡ ರಾತ್ರಿ ಶಾಲೆಗೆ ಬಿಟ್ಟರು. ಮುಂಬಯಿಯ ಅಂಥ ಶಾಲೆಗಳಲ್ಲಿ ಕಲಿತ ಹೋಟೆಲು ಹುಡುಗರು ಎಷ್ಟೋ ಮಂದಿ. ಅಪ್ಪಯ್ಯ ಅಲ್ಲಿ ಏಳನೆಯ ತರಗತಿಯ ತನಕ ಓದಿದರು. ನಮ್ಮ ಮನೆಯಲ್ಲಿ ಅದೇ ದೊಡ್ಡ ವಿದ್ಯೆಯಾಗಿತ್ತು. ನಾನು ಈ ವರ್ಷ ಪದವಿ ಮುಗಿಸುತ್ತಿರುವುದಕ್ಕೆ ಬುನಾದಿ ಹಾಕಿದುದು ಆ ಎರಡನೆಯ ಯಜಮಾನರ ಎರಡು ಗಂಟೆಗಳ ರಜೆ ಎಂದರೆ ಅತಿಶಯೋಕ್ತಿಯಲ್ಲ.

ಕಳೆದ ವರ್ಷ ಒಂದು ಪರೀಕ್ಷೆಯ ನಿಮಿತ್ತ ಅವರೊಡನೆ ಬೆಂಗಳೂರಿಗೆ ಹೋಗಿದ್ದೆ. ನಾನು ಥಳಥಳಿಸುವ ಒಂದು ಫಲಕದತ್ತ ಹೊರಟಾಗ ಅವರು ತಡೆದು ಹೇಳಿದರು: "ಬೋರ್ಡ್ ಕಂಡ್ ಹೋಪ್ದಲ್ಲ ಮಗಾ, ಒರ್ಸು ಬಟ್ಟಿ ಕಂಡ್ ಹೋಯ್ಕ್." ಮೇಜು ಒರೆಸುವ ಬಟ್ಟೆ ಒಣಗಿ ಬೆಳ್ಳಗಿದ್ದರೆ ಅಡಿಗೆಮನೆಯೂ ಹಾಗೇ ಇರುತ್ತದೆ, ಜಿಡ್ಡು ಹಿಡಿದು ನಾರುತ್ತಿದ್ದರೆ ಒಳಗಿನ ಎಣ್ಣೆಯೂ ಮೂರು ದಿನದ್ದು. ಅವರ ಎರಡನೆಯ ಪರೀಕ್ಷೆ ಇನ್ನೂ ಕಠಿಣ. ಮಧ್ಯಾಹ್ನ ಮೂರು ಗಂಟೆಗೆ, ಊಟದ ಗದ್ದಲ ಇಳಿದ ಮೇಲೆ, ಕೆಲಸದವರು ಎಲ್ಲಿ ಕುಳಿತು ಏನು ಉಣ್ಣುತ್ತಾರೆಂದು ನೋಡಬೇಕು. ಗಿರಾಕಿಗಳಿಗೆ ಬಡಿಸಿದ ಅನ್ನ ಸಾರನ್ನೇ ಅದೇ ಮೇಜಿನಲ್ಲಿ ಕುಳಿತು ಉಂಡರೆ ಆ ಹೋಟೆಲು ಒಳ್ಳೆಯದು. ಹಿತ್ತಿಲ ಬಾಗಿಲಲ್ಲಿ ನಿಂತುಕೊಂಡು, ಬೇರೆ ಪಾತ್ರೆಯಲ್ಲಿ ಬೇಯಿಸಿದ ದಪ್ಪಕ್ಕಿಯನ್ನು ನುಂಗುತ್ತಿದ್ದರೆ ಅಲ್ಲಿಗೆ ಎರಡನೆಯ ಸಲ ಹೋಗಬೇಕಾಗಿಲ್ಲ.

"ಗಿರಾಕಿಗೆ ಇದೆಲ್ಲ ಏಕೆ? ದುಡ್ಡು ಕೊಟ್ಟೆವು, ರುಚಿಯಾಗಿದ್ದರೆ ಸಾಕು" ಎಂದು ನನ್ನ ಮಿತ್ರರು ಕೆಲವರು ವಾದಿಸುತ್ತಾರೆ. ಅವರಿಗೆ ಅರ್ಥಶಾಸ್ತ್ರದ ಭಾಷೆಯಲ್ಲೇ ಉತ್ತರ ಹೇಳಬಹುದು. ಹೊಟ್ಟೆ ತುಂಬ ಊಟ, ಕಾಲಕ್ಕೆ ಸಂಬಳ, ಮಲಗಲು ಜಾಗ ಇಲ್ಲದಲ್ಲಿ ಕೆಲಸದವನು ನಿಲ್ಲುವುದಿಲ್ಲ. ಅಡಿಗೆಯವನು ತಿಂಗಳಿಗೊಮ್ಮೆ ಬದಲಾಗುವ ಹೋಟೆಲಿನಲ್ಲಿ ಸಾಂಬಾರಿನ ರುಚಿಯೂ ತಿಂಗಳಿಗೊಮ್ಮೆ ಬದಲಾಗುತ್ತದೆ. ನೂರು ವರ್ಷ ಒಂದೇ ರುಚಿ ಕಾಯ್ದುಕೊಂಡ ಹೋಟೆಲಿನ ಗುಟ್ಟು ಮಸಾಲೆಯಲ್ಲಿ ಅರ್ಧ ಇದ್ದರೆ, ಬಿಟ್ಟುಹೋಗದೆ ಉಳಿದ ಮನುಷ್ಯರಲ್ಲಿ ಇನ್ನರ್ಧ. ಶುಚಿಯ ವಿಷಯವೂ ಹಾಗೆಯೇ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪನ್ನು ಸುತ್ತಿ ಅಲ್ಲಿಯ ಉಪಾಹಾರ ಗೃಹಗಳ ಶುಚಿತ್ವವನ್ನು ಕಂಡು ಬಂದು ತಮ್ಮಲ್ಲಿಯೂ ಆ ಕ್ರಮಗಳನ್ನು ತಂದರು. ಅಡಿಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟರು. ಮುಚ್ಚಿಡಲು ಏನೂ ಇಲ್ಲದವರು ಬಾಗಿಲು ತೆರೆದಿಡಬಲ್ಲರು.

ಹೋಟೆಲಿನ ಬಾಗಿಲು ಯಾರಿಗೆ ತೆರೆದಿದೆ ಎಂಬುದೂ ಒಳ್ಳೆಯತನದ ಅಳತೆಯೇ. ಅದೇ ಮಾವಳ್ಳಿಯ ಹೋಟೆಲಿಗೆ ಮೊದಲಿದ್ದ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ಬು. 1960ರಲ್ಲಿ ಅದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಹಳೆಯ ಕಾಲದ ಎಷ್ಟೋ ಹೋಟೆಲುಗಳಲ್ಲಿ ಜಾತಿಗೊಂದು ಪಂಕ್ತಿ, ಜಾತಿಗೊಂದು ಲೋಟ ಇದ್ದುದನ್ನು ನಮ್ಮ ಅಜ್ಜಂದಿರು ಬಲ್ಲರು. ನಮ್ಮ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಹೋಟೆಲು, ಉಪಾಹಾರ ಗೃಹಗಳನ್ನು ಹೆಸರಿಸಿಯೇ ಅಲ್ಲಿ ಯಾರನ್ನೂ ಜಾತಿ ಮತಗಳ ಕಾರಣದಿಂದ ತಡೆಯಕೂಡದೆಂದು ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ತಡೆದವನಿಗೆ ಶಿಕ್ಷೆ ಇಟ್ಟಿತು. ಸಂವಿಧಾನ ಬರೆದವರು ಮೂಲಭೂತ ಹಕ್ಕುಗಳ ನಡುವೆ ಹೋಟೆಲಿನ ಹೆಸರನ್ನು ಬರೆದರೆಂಬುದನ್ನು ರಾಜ್ಯಶಾಸ್ತ್ರದ ತರಗತಿಯಲ್ಲಿ ಕೇಳಿದಾಗ ನನಗೆ ರೋಮಾಂಚನವಾಯಿತು. ದುಡ್ಡು ಕೊಟ್ಟವರೆಲ್ಲ ಒಂದೇ ಬೆಂಚಿನಲ್ಲಿ ಕೂರಬಹುದೆಂಬ ಸಮತೆ, ಎಷ್ಟು ಚಿಕ್ಕದಾದರೂ, ಪಟ್ಟಣವು ಹಳ್ಳಿಗೆ ಕಲಿಸಿದ ಪಾಠ. "ಯಾವೂರಾಯ್ತ್?" ಎಂದು ಮಾಣಿ ಪ್ರೀತಿಯಿಂದ ಕೇಳಿದರೆ ಸಂತೋಷ; ಅದರ ಬೆನ್ನಿಗೇ "ಯಾವ ಜನ?" ಎಂಬ ಪ್ರಶ್ನೆ ಬಂದರೆ ಅಲ್ಲಿ ಅಮೃತವಿದ್ದರೂ ಎದ್ದು ಬರತಕ್ಕದ್ದು.

ನನ್ನಂಥ ಹುಡುಗಿಯರ ಪರವಾಗಿ ಒಂದು ಮಾತು. ಒಬ್ಬಳೇ ಹೋಟೆಲಿಗೆ ಹೋದ ಹುಡುಗಿಯನ್ನು ಪರದೆ ಎಳೆದ "ಫ್ಯಾಮಿಲಿ ರೂಮಿ"ಗೆ ಕಳಿಸುವ ರೂಢಿ ಇನ್ನೂ ಕೆಲವೆಡೆ ಇದೆ. ಫ್ಯಾನು ತಿರುಗದ, ಮಾಣಿ ಬಾರದ ಆ ಗೂಡಿನಲ್ಲಿ ಗೌರವಕ್ಕಿಂತ ಸೆಖೆಯೇ ಹೆಚ್ಚು. ನಾವು ಬಯಸುವುದು ಪರದೆಯನ್ನಲ್ಲ. ಕಿಟಕಿಯ ಬಳಿಯ ಒಂದು ಕುರ್ಚಿ, ಚಿಲಕವಿರುವ ಶುಚಿಯಾದ ಶೌಚಾಲಯ, ದಿಟ್ಟಿಸಿ ನೋಡದ ನೆರೆಯವರು ಇಷ್ಟಿದ್ದರೆ ಸಾಕು. ಇವು ಮೂರೂ ಇರುವ ಹೋಟೆಲನ್ನು ಕಂಡ ಹುಡುಗಿಯರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಯಜಮಾನರಿಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಾಗಿಲ್ಲ.

ಕೊನೆಯದಾಗಿ ಮಕ್ಕಳ ವಿಷಯ. ಬಾಲಕಾರ್ಮಿಕರ ಬಗ್ಗೆ 1986ರಲ್ಲೇ ಕಾಯಿದೆ ಬಂದಿದ್ದರೂ ಹದಿನಾಲ್ಕರ ಕೆಳಗಿನವರನ್ನು ಹೋಟೆಲುಗಳಲ್ಲಿ ದುಡಿಸಕೂಡದೆಂಬ ನಿಷೇಧ ಜಾರಿಗೆ ಬಂದುದು 2006ರ ಅಕ್ಟೋಬರ ತಿಂಗಳಲ್ಲಿ. ಅಪ್ಪಯ್ಯ ಗ್ಲಾಸು ತೊಳೆದ ವರ್ಷಗಳಲ್ಲಿ ಆ ನಿಷೇಧ ಇನ್ನೂ ಬಂದಿರಲಿಲ್ಲ. ಇಂದು ಇದೆ. ಈಗ ಆ ಕೆಲಸಕ್ಕೆ ನಮ್ಮೂರಿನವರಿಗಿಂತ ಹೆಚ್ಚಾಗಿ ಈಶಾನ್ಯದಿಂದ, ಬಿಹಾರ ಒಡಿಶಾಗಳಿಂದ ಬಂದವರು ನಿಂತಿದ್ದಾರೆ. ಭಾಷೆ ಬೇರೆಯೆಂದು ಅವರ ಮುಖ ನೋಡದೆ ಲೋಟ ಎತ್ತಿಕೊಳ್ಳುವುದು ನಮಗೆ, ಮಾಣಿಗಳ ಮಕ್ಕಳಿಗೆ, ಸಲ್ಲದು. ತೀರ ಎಳೆಯ ಮುಖವೊಂದು ಮೇಜು ಒರೆಸುತ್ತಿದ್ದರೆ ಯಜಮಾನರನ್ನು ಕೇಳುವ ಧೈರ್ಯ ಪದವೀಧರರಿಗೆ ಇರಬೇಕು. ಮೂರು ವರ್ಷ ಓದಿದ್ದು ಮತ್ತೇಕೆ?

ನಮ್ಮ ಸಹಪಾಠಿಗಳಲ್ಲಿ ಹೋಟೆಲು ನಡೆಸುವವರ ಮಕ್ಕಳೂ ಇದ್ದಾರೆ, ಹೋಟೆಲಿನಲ್ಲಿ ದುಡಿಯುವವರ ಮಕ್ಕಳೂ ಇದ್ದಾರೆ. ನಾಳೆ ಇವರಲ್ಲಿ ಕೆಲವರು ಗಲ್ಲಾದ ಹಿಂದೆ ಕೂರಬಹುದು, ಕೆಲವರು ಕಾರ್ಮಿಕ ಇಲಾಖೆಯ ಅಧಿಕಾರಿಗಳಾಗಬಹುದು. ಉಳಿದವರು ಗಿರಾಕಿಗಳಂತೂ ಆಗಿಯೇ ಆಗುತ್ತಾರೆ. ಹರಿಹರರು ಒಂದೇ ಗರ್ಭಗುಡಿಯಲ್ಲಿ ನೆಲೆಸಿರುವ ಊರು ನಮ್ಮದು. ಉಣ್ಣುವವರನ್ನೂ ಉಣಿಸುವವರನ್ನೂ ಒಂದೇ ಕಣ್ಣಿನಲ್ಲಿ ನೋಡುವುದು ಇಲ್ಲಿ ಓದಿದವರಿಗೆ ಕಷ್ಟವಾಗಬಾರದು. ಆದುದರಿಂದ ಪಟ್ಟಣಕ್ಕೆ ಹೋಗುವ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ದೋಸೆಯನ್ನು ತಿನ್ನಿರಿ, ರುಚಿಯನ್ನು ಹೊಗಳಿರಿ, ಬೆಲೆಯನ್ನು ಕೇಳಿರಿ. ಬಿಲ್ಲು ತಂದಿಟ್ಟವನನ್ನು, ನಮ್ಮ ಮನೆಗಳಲ್ಲಿ ಬಂದವರನ್ನೆಲ್ಲ ಕೇಳುವಂತೆ, "ನಿಮ್ಮ ಊಟ ಆಯ್ತಾ?" ಎಂದೂ ಒಂದು ಸಲ ಕೇಳಿರಿ. ಅವನು ಕೊಡುವ ಉತ್ತರದಿಂದ ಆ ಹೋಟೆಲು ಎಂಥದೆಂದು ತಿಳಿಯುತ್ತದೆ.